ಕಲ್ಲಿನ ಮೇಲೆ ಉಳವಪ್ಪ

ಬದುಕಿದ್ದ ಗಂಡಸಾಗಿದ್ದರೆ ಎದುರಿಗೆ ನಿಂತು ಕೇಳುತ್ತಿದ್ದೆ, "ಏನಪಾ, ನನ್ನ ಹೆಂಡ್ತಿ ಮನಸಿನ್ಯಾಗ ನಿನಗೇನು ಕೆಲಸ?" ಅಂತ. ಸತ್ತವನ ಜೊತೆ ಏನು ಜಗಳಾಡುವುದು? ಬೈದರೆ ಕೇಳಿಸುವುದಿಲ್ಲ, ಹೊಡೆದರೆ ತಾಗುವುದಿಲ್ಲ. ಸಾಲದ್ದಕ್ಕೆ ಊರ ಜನ ಅವನನ್ನು ದೇವರ ಪಕ್ಕದಲ್ಲೇ ಕೂಡಿಸಿಬಿಟ್ಟಿದ್ದರು. ನಾನೋ, ದಾಂಡೇಲಿಯ ಕಾಗದದ ಗಿರಣಿಗೆ ಕ್ವಾರ್ಟರ್ಸ್ ಕಟ್ಟುವ ಗೌಂಡಿ ಈಶಪ್ಪ. ಮೈತುಂಬ ಸುಣ್ಣ, ಅಂಗೈ ತುಂಬ ಬೊಬ್ಬೆ. ನನ್ನನ್ನು ಯಾರು ಕೇಳಬೇಕು?

ಅವನ ಹೆಸರು ಉಳವಪ್ಪ. ಹಳಿಯಾಳ ತಾಲ್ಲೂಕಿನ ತೇರಗಾಂವದವನು, ನನ್ನ ಹೆಂಡತಿ ಗುರುಬಸವ್ವನ ಮೊದಲ ಗಂಡ. ಮದುವೆಯಾಗಿ ಹನ್ನೊಂದು ತಿಂಗಳಿಗೆ, ಐವತ್ತೈದನೆಯ ಇಸವಿಯ ಆಗಸ್ಟಿನಲ್ಲಿ, ಗೋವಾ ಬಿಡಿಸಲು ಹೊರಟ ಸತ್ಯಾಗ್ರಹಿಗಳ ಜೊತೆ ಕ್ಯಾಸಲ್‌ರಾಕ್ ಕಡೆಯ ಕಾಡಿನಿಂದ ಗಡಿ ದಾಟಿದ. ಕೈಯಲ್ಲಿ ಬಾವುಟ ಬಿಟ್ಟರೆ ಒಂದು ಕೋಲು ಸಹ ಇರಲಿಲ್ಲವಂತೆ. ಆಚೆಯಿಂದ ಗುಂಡು ಬಂತು. ಜೊತೆಗಿದ್ದವರು ಅವನು ಬಿದ್ದದ್ದನ್ನು ಕಂಡರು, ಹೆಣ ತರಲು ಆಗಲಿಲ್ಲ. ನಾವು ಸತ್ತವರನ್ನು ಹೂಳುವ ಜನ. ಹೂಳಿದ ಜಾಗದಲ್ಲಿ ಗದ್ದುಗೆ ಕಟ್ಟಿ, ಅಮಾವಾಸ್ಯೆಗೊಮ್ಮೆ ಹೋಗಿ ವಿಭೂತಿ ಹಚ್ಚಿ ಬರುತ್ತೇವೆ. ಉಳವಪ್ಪನಿಗೆ ಅದೂ ಇರಲಿಲ್ಲ.

ಮೂರು ವರ್ಷದ ಮೇಲೆ ನಾನು ಮುಂಡಗೋಡ ಕಡೆಯ ಪಾಳಾದಲ್ಲಿ ಸಾಲೆಯ ಗೋಡೆ ಎಬ್ಬಿಸುತ್ತಿದ್ದೆ. ಪಾಳಾ ಗುರುಬಸವ್ವನ ತವರು. ನನ್ನ ಮೊದಲ ಹೆಂಡತಿ ಮಾಲವ್ವ ಹೆರಿಗೆಯಲ್ಲಿ ತೀರಿಹೋಗಿದ್ದಳು. ಹಿರಿಯರು ಮಾತಾಡಿ ಉಡಿಕಿ ಮಾಡಿಸಿದರು. ಉಡಿಕಿ ಎಂದರೆ ಗಂಡ ಸತ್ತವಳಿಗೆ ಹೊಸ ಸೀರೆ ಉಡಿಸಿ, ತಾಳಿ ಕಟ್ಟಿಸಿ, ಹಂದರವಿಲ್ಲದೆ, ವಾದ್ಯವಿಲ್ಲದೆ ಎರಡನೆಯವನ ಜೊತೆ ಕಳಿಸಿಕೊಡುವ ಮದುವೆ. ವಾದ್ಯ ಬಾರಿಸಲಿಲ್ಲ ಎಂದು ನನಗೆ ಬೇಸರವಾಗಲಿಲ್ಲ. ಆಕೆಯನ್ನು ಕಂಡ ದಿನದಿಂದಲೇ ನನ್ನ ಎದೆಯಲ್ಲಿ ಬೇಕಾದಷ್ಟು ವಾದ್ಯ ನಡೆದಿತ್ತು.

ಬೇಸರ ಬೇರೆಯದು. ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಹೆಸರೊಂದೇ ಅಲ್ಲ, ಅದರ ಹಾಗೆ ಕೇಳಿಸುವ ಮಾತನ್ನೂ ನಾಲಿಗೆಗೆ ತರುವುದಿಲ್ಲ. ನಾನು ಈಶಪ್ಪನಾದದ್ದರಿಂದ ಗುರುಬಸವ್ವನಿಗೆ ಈಶಾನ್ಯ ಎನ್ನುವ ದಿಕ್ಕೇ ಇಲ್ಲ, ಅದು 'ನೀರಿನ ಮೂಲಿ'. ಸರಿ, ಸಂತೋಷ. ಆದರೆ ಮದುವೆಯಾದ ವರ್ಷ, ಕ್ವಾರ್ಟರ್ಸಿನ ಜನವೆಲ್ಲ ಗಾಡಿ ಕಟ್ಟಿಕೊಂಡು ಜೋಯಿಡಾ ಕಾಡಿನ ಉಳವಿಗೆ ಹೊರಟಾಗ ಆಕೆ ಏನೆಂದಳು ಗೊತ್ತೇ? "ಕಾಡಿನ ಬಸವಣ್ಣಗ ನಾವೂ ಹೋಗೂಣೇನ್ರಿ?" ಎಂದಳು. ಉಳವಿ ಎನ್ನಲಿಲ್ಲ!

ನಾನು ಸುಮ್ಮನಿರುವ ಜಾತಿಯವನಲ್ಲ. "ಚನಬಸವಣ್ಣ ಐಕ್ಯ ಆದ ಊರು ಯಾವದು, ಹೇಳು ನೋಡೂಣು" ಎಂದೆ.

"ಊರಿಗೆಲ್ಲಾ ಗೊತ್ತಿದ್ದದ್ದು ನನ್ನೇನ ಕೇಳ್ತೀರಿ?" ಎಂದು ಒಲೆ ಊದತೊಡಗಿದಳು.

ಆಮೇಲೆ ಎಷ್ಟು ಉಪಾಯ ಮಾಡಿದರೂ ನಾಲ್ಕು ವರ್ಷದಲ್ಲಿ ಆ ಮಾತು ಆಕೆಯ ಬಾಯಿಂದ ಹೊರಡಲಿಲ್ಲ. ಗಂಡನ ಹೆಸರನ್ನಷ್ಟೇ ಹೇಳಬಾರದು. ಉಳವಪ್ಪನ ಹೆಸರನ್ನೂ ಹೇಳುವುದಿಲ್ಲ ಎಂದರೆ ಏನರ್ಥ? ಅವನು ಇನ್ನೂ ಗಂಡನೇ ಎಂದಾಯಿತಲ್ಲ! ಒಂದೇ ಬಾಯಲ್ಲಿ ನಾವಿಬ್ಬರೂ ಸಂಸಾರ ಮಾಡುತ್ತಿದ್ದೆವು. ನಮಗೆ ಮಕ್ಕಳಾಗದಿದ್ದುದಕ್ಕೂ ಅವನೇ ಕಾರಣ ಎಂದು ಒಂದೊಂದು ದಿನ ಅನ್ನಿಸುತ್ತಿತ್ತು. ಹುಚ್ಚು ಎನ್ನಿ, ಏನಾದರೂ ಎನ್ನಿ, ಹೊಟ್ಟೆ ಉರಿಯುವವನಿಗೆ ಅದೆಲ್ಲ ತಿಳಿಯುವುದಿಲ್ಲ.

ಅರವತ್ತೆರಡನೆಯ ಇಸವಿಯ ಜನವರಿ ಮೊದಲ ವಾರದಲ್ಲಿ ತೇರಗಾಂವದಿಂದ ಇಬ್ಬರು ಬಂದರು. ಒಬ್ಬ ಉಳವಪ್ಪನ ಅಣ್ಣ ಮಹಾಂತಪ್ಪ. ಇನ್ನೊಬ್ಬ ಅಲ್ಲಿಯ ಕಿರಾಣಿ ಅಂಗಡಿಯ ಚನಬಸಪ್ಪ, ಊರ ಕಮಿಟಿಗೆ ಅವನೇ ಮುಂದಾಳು. ಹಿಂದಿನ ತಿಂಗಳಷ್ಟೇ ಗೋವಾ ಬಿಡುಗಡೆಯಾಗಿತ್ತು, ಅವರ ಮುಖದಲ್ಲಿ ಇನ್ನೂ ಆ ಗೆಲುವು ಇತ್ತು. ಚಹಾ ಕುಡಿದು ಚನಬಸಪ್ಪ ವಿಷಯ ತೆಗೆದ.

"ಉಳವಪ್ಪಂದು ಒಂದು ನೆನಪಿನ ಕಲ್ಲು ನಿಂದ್ರಸಬೇಕಂತ ಮಾಡೇವ್ರಿ. ಚಾವಡಿ ಮುಂದ. ಜನವರಿ ಇಪ್ಪತ್ತಾರಕ್ಕ ಮಾಮಲೇದಾರ ಸಾಹೇಬ್ರು ಬರ್ತಾರ. ಮುಸುಕ ತಗಿಯೂದು ನಮ್ಮ ಗುರುಬಸವ್ವ ತಂಗಿ ಕೈಲೆ ಆಗ್ಲಿ ಅಂತ ಎಲ್ಲಾರ ಮನಸಿನ್ಯಾಗ ಐತಿ."

ನಾನು ಕೆಮ್ಮಿ ಗಂಟಲು ಸರಿಮಾಡಿಕೊಳ್ಳುತ್ತಿದ್ದೆ. ಉಡಿಕಿಯಾಗಿ ಹೋದವಳು ಮೊದಲ ಗಂಡನ ಮನೆಯ ಹೊಸ್ತಿಲು ತುಳಿಯುವ ಪದ್ಧತಿ ಇಲ್ಲ, ಅದನ್ನೇ ನೆವಮಾಡಿ ತಪ್ಪಿಸಬೇಕೆಂದಿದ್ದೆ. ನನ್ನ ಬಾಯಿಂದ ಮಾತು ಹೊರಡುವ ಮೊದಲೇ ಒಳಗಿನಿಂದ ಗುರುಬಸವ್ವನ ದನಿ ಬಂತು. "ಬರ್ತೇನ್ರಿ, ಅಣ್ಣಾರ."

ನನ್ನನ್ನು ಒಂದು ಮಾತು ಕೇಳಲಿಲ್ಲ. ಸಂತೆಗೆ ಹೋಗುವಾಗಲೂ ನನ್ನನ್ನು ಕೇಳಿ ಹೋಗುವ ಹೆಂಗಸು!

ಮೈಯೆಲ್ಲ ಬೆಂಕಿ ಬಿದ್ದಂತಾಯಿತು. ಆ ಉರಿಯಲ್ಲೇ ನಾನು ಒಂದು ಮಾತು ಆಡಿಬಿಟ್ಟೆ. "ಕಲ್ಲು ಯಾರ ಕಡಿಂದ ಕಡಸ್ತೀರಿ? ನಾನs ಮಾಡಿಕೊಡ್ತೇನಿ. ಕಟ್ಟಿನೂ ನಂದು, ಅಕ್ಷರಾನೂ ನಂದು." ಅವರಿಬ್ಬರೂ ಎದ್ದು ನಿಂತು ಕೈಮುಗಿದರು. ದೊಡ್ಡ ಮನಸ್ಸು ಎಂದು ಹೊಗಳಿದರು. ದೊಡ್ಡ ಮನಸ್ಸೂ ಇಲ್ಲ, ಮಣ್ಣೂ ಇಲ್ಲ. ಆ ಕಲ್ಲನ್ನು ಬೇರೆ ಯಾವನೋ ಆಳೆತ್ತರ ಎಬ್ಬಿಸಿ, ಬಳ್ಳಿ ಹೂವು ಕೆತ್ತಿ, ನನ್ನ ಹೆಂಡತಿ ಅದರ ಮುಂದೆ ಕಣ್ಣೀರು ಹಾಕುವುದು ನನಗೆ ಬೇಡವಾಗಿತ್ತು. ನನ್ನ ಕೈಯಲ್ಲಿದ್ದರೆ ಅದರ ಎತ್ತರವೂ ನನ್ನ ಕೈಯಲ್ಲಿ ಇರುತ್ತದೆ ಎಂದುಕೊಂಡಿದ್ದೆ, ಅಷ್ಟೇ.

ಅವರು ಹೋದ ಮೇಲೆ ಗುರುಬಸವ್ವ ಹತ್ತಿರ ಬಂದು ನಿಂತಳು. "ಅಕ್ಷರ ನೀವs ಕಡೀತೀರೇನ್ರಿ?"

"ಹೂಂ. ಯಾಕ?"

"ಚಲೋ ಆತು. ನಿಮ್ಮ ಕೈಯಾಗಿನ ಅಕ್ಷರ ಅಂದ್ರ ನೂರು ವರ್ಷ ಇರ್ತಾವು."

ಅಕ್ಷರ ಕಡೆಯುವುದನ್ನು ನನಗೆ ನನ್ನ ಅಪ್ಪ ಕಲಿಸಿದ್ದು. ಹೊಸ ಮನೆಯ ಬಾಗಿಲ ಮೇಲೆ ಹೆಸರು, ಇಸವಿ ಕಡೆಯುವುದರಲ್ಲಿ ಆತ ಧಾರವಾಡ ಕಡೆಗೆಲ್ಲ ಹೆಸರುವಾಸಿ. ಮದುವೆಯಾದ ವರ್ಷ ನಮ್ಮ ಬೀಸುವ ಕಲ್ಲಿನ ಬದಿಗೆ 'ಗುರುಬಸವ್ವ' ಎಂದು ಕಡೆದುಕೊಟ್ಟಿದ್ದೆ. ಆಕೆಗೆ ಓದಲು ಬರುವುದಿಲ್ಲ. ಆದರೆ ದಿನಾ ಬೆಳಗ್ಗೆ ಜೋಳ ಬೀಸಿದ ಮೇಲೆ ಅಕ್ಷರದೊಳಗೆ ಕೂತ ಹಿಟ್ಟನ್ನು ಕಸಬರಿಗೆಯ ಕಡ್ಡಿಯಿಂದ ತೆಗೆದು, ಒಂದೊಂದನ್ನೂ ಬೆರಳಿಂದ ಸವರುತ್ತಿದ್ದಳು. "ನಿಮ್ಮ ಅಕ್ಷರದಾಗ ಉಗುರು ಮುಳಗತಾವ ನೋಡ್ರಿ" ಎಂದು ನಗುತ್ತಿದ್ದಳು. ಆ ನಗುವಿಗಾಗಿ ನಾನು ಮನೆಯ ಒರಳು, ಒನಕೆ ಯಾವುದರ ಮೇಲಾದರೂ ಹೆಸರು ಕಡೆಯಲು ಸಿದ್ಧನಿದ್ದೆ. ಈಗ ಅದೇ ಕೈಯಿಂದ ಅವನ ಹೆಸರು.

ತೇರಗಾಂವಕ್ಕೆ ಹೋಗಿ ಚಾವಡಿಯ ಒಂದು ಕೋಣೆಯಲ್ಲಿ ಉಳಿದುಕೊಂಡೆ. ಗಾಡಿಯ ಮೇಲೆ ಕರಿಕಲ್ಲು ಬಂತು. ಸಾಲೆಯ ಮಾಸ್ತರರು ಬಂದು ಕಾವಿಯಿಂದ ಅಕ್ಷರ ಬರೆದುಕೊಟ್ಟರು: 'ಗೋವಾ ವಿಮೋಚನೆಗಾಗಿ ಶಾಂತಿಯ ದಾರಿಯಲ್ಲಿ ನಡೆದು ಪ್ರಾಣ ಕೊಟ್ಟ', ಅದರ ಕೆಳಗೆ ದೊಡ್ಡದಾಗಿ 'ಉಳವಪ್ಪ', ಅದರ ಕೆಳಗೆ ಇಸವಿ. ನಾನು ಮೊದಲು ಕಟ್ಟೆ ಕಟ್ಟಿದೆ. ಆಮೇಲೆ ಕಲ್ಲನ್ನು ನಯ ಮಾಡಿ, ಮೇಲಿನ ಸಾಲಿನಿಂದ ಕಡೆಯಲು ಕೂತೆ. ಕಲ್ಲು ಕೆತ್ತುವ ಚಾಣ ಹಿಡಿದರೆ ನನ್ನ ಕೈಗೆ ಮೋಸ ಗೊತ್ತಿಲ್ಲ. ಮೊದಲ ಸಾಲುಗಳು ಆಳವಾಗಿ, ಚೂಪಾಗಿ, ನನ್ನ ಅಪ್ಪ ನೋಡಿದ್ದರೆ ಬೆನ್ನು ತಟ್ಟುವಂತೆ ಬಂದವು.

ದಿನಾ ಮಧ್ಯಾಹ್ನ ಉಳವಪ್ಪನ ತಾಯಿ ಮುದಕವ್ವ ರೊಟ್ಟಿ, ಗುರೆಳ್ಳು ಚಟ್ನಿ, ಮಜ್ಜಿಗೆ ತರುತ್ತಿದ್ದಳು. ಎಪ್ಪತ್ತು ದಾಟಿದ ಮುದುಕಿ. ನನ್ನನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಅಳಿಯ ಎನ್ನಲು ಸಂಬಂಧವಿಲ್ಲ, "ಗೌಂಡೀ" ಎನ್ನುತ್ತಿದ್ದಳು. ನಾನು ಗುರುಬಸವ್ವನ ಗಂಡ ಎಂಬ ಮಾತು ಆಕೆಯ ಬಾಯಿಗೆ ಬರುತ್ತಲೇ ಇರಲಿಲ್ಲ. ನಾನು ಉಣ್ಣುವಾಗ ಎದುರಿಗೆ ಕೂತು ಮಗನ ಕಥೆ ಹೇಳುವಳು. "ನಮ್ಮ ಉಳವಪ್ಪಗ ಚಟ್ನಿ ಮ್ಯಾಲ ಬೆಣ್ಣಿ ಬೇಕು." "ನಮ್ಮ ಉಳವಪ್ಪ ಭಜನಿಗೆ ನಿಂತ್ರ ಓಣಿ ಮಂದಿ ಮನಿ ಬಾಗಲಾ ತಗೀತಿದ್ರು." ಒಂದು ದಿನ ಹೇಳಿದಳು, "ಹೊಸದಾಗಿ ಲಗ್ನ ಆದಾಗ ಗುರುಬಸವ್ವಗ ಜ್ವರ ಬಂದಿತ್ತು ನೋಡು ಗೌಂಡೀ. ಆಕಿನ್ನ ಬೆನ್ನ ಮ್ಯಾಲ ಹೊತ್ಗೊಂಡು ಹಳಿಯಾಳಕ್ಕ ನಡಕೋತ ಹೋದ, ನನ್ನ ಮಗ."

ಕೈಯಲ್ಲಿದ್ದ ರೊಟ್ಟಿಯ ತುತ್ತನ್ನು ಕೆಳಗಿಟ್ಟೆ. ಗುರುಬಸವ್ವನಿಗೆ ನನ್ನ ಮನೆಯಲ್ಲೂ ಜ್ವರ ಬಂದಿತ್ತು. ನಾನು ಗಿರಣಿಯ ದವಾಖಾನೆಗೆ ಗಾಡಿಯಲ್ಲಿ ಕರೆದುಕೊಂಡು ಹೋಗಿದ್ದೆ. ಗಾಡಿ ಇತ್ತು, ಬೆನ್ನ ಮೇಲೆ ಹೊರುವ ಕಾರಣವಿರಲಿಲ್ಲ. ಅದು ನನ್ನ ತಪ್ಪೇ? ಅಂದು ಇಡೀ ಮಧ್ಯಾಹ್ನ ಹಲ್ಲು ಕಡಿಯುತ್ತ ಕೆಲಸ ಮಾಡಿದೆ.

ಇಪ್ಪತ್ಮೂರನೆಯ ತಾರೀಖು. ಹೆಸರೊಂದು ಮತ್ತು ಇಸವಿ ಉಳಿದಿದ್ದವು. ಚನಬಸಪ್ಪ ಹಳಿಯಾಳದಿಂದ ಅಚ್ಚು ಹಾಕಿಸಿದ ಕರಪತ್ರ ತಂದು ನನ್ನ ಕೈಗೆ ಕೊಟ್ಟ. ಕೆಂಪು ಅಕ್ಷರ, ಮೇಲೆ ಎರಡು ಬಾವುಟ. ಮಾಮಲೇದಾರರ ಹೆಸರಿನ ಕೆಳಗೆ ಹೀಗಿತ್ತು: 'ಸ್ಮಾರಕದ ಅನಾವರಣ, ವೀರಪತ್ನಿ ಗುರುಬಸವ್ವ ಕೋಂ ಉಳವಪ್ಪ ಇವರಿಂದ.'

ಕೋಂ ಉಳವಪ್ಪ! ಕಾಗದಪತ್ರದಲ್ಲಿ ಹೆಂಡತಿಯ ಹೆಸರಿನ ಮುಂದೆ 'ಕೋಂ' ಎಂದು ಬರೆದು ಯಾರ ಹೆಸರು ಹಾಕುತ್ತಾರೆ? ಗಂಡನದು. ನಮ್ಮ ಕ್ವಾರ್ಟರ್ಸಿನ ರೇಷನ್ ಕಾರ್ಡಿನಲ್ಲಿ 'ಗುರುಬಸವ್ವ ಕೋಂ ಈಶಪ್ಪ' ಎಂದಿತ್ತು. ನಾನು ಅದನ್ನು ಎಷ್ಟೋ ಸಲ ತೆಗೆದು ನೋಡಿದ್ದೆ, ಸುಮ್ಮನೆ, ನೋಡುವ ಖುಷಿಗೆ.

"ಇದೇನ್ರಿ ಇದು?" ಎಂದೆ.

"ಅದು ಹಂಗs ಬರೀಬೇಕಾಗತೈತ್ರಿ ಈಶಪ್ಪ. ಸಭಾದಾಗ ನಿಮ್ಮ ಹೆಸರ ಹಾಕಿದ್ರ ಛಂದ ಕಾಣತೈತೇನು? ಒಂದು ದಿನದ ಮಾತು" ಎಂದು ಚನಬಸಪ್ಪ ಹೆಗಲು ತಟ್ಟಿ ಹೋದ.

ಒಂದು ದಿನದ ಮಾತು! ಐದು ನೂರು ಕರಪತ್ರ, ಹಳಿಯಾಳದ ಪೇಟೆಯಿಂದ ದಾಂಡೇಲಿಯ ಗಿರಣಿ ಗೇಟಿನವರೆಗೆ ಹಂಚಿದ್ದರು. ನನ್ನ ಜೊತೆ ಇಟ್ಟಿಗೆ ಹೊರುವವರೆಲ್ಲ ಓದಿರುತ್ತಾರೆ. ನಾನು ಚಾಣ ತೆಗೆದುಕೊಂಡೆ. ಹೆಸರಿನ ಮೊದಲ ಅಕ್ಷರದ ಮೇಲೆ ಇಟ್ಟೆ. ಆಗ ನನ್ನ ಕೈ ತಾನಾಗಿಯೇ ಹಗುರಾಯಿತು ಎಂದು ಸುಳ್ಳು ಹೇಳುವುದಿಲ್ಲ. ನಾನೇ ಹಗುರ ಮಾಡಿದೆ. ತಿಳಿದು ಮಾಡಿದೆ. ಕಲ್ಲಿನ ಮೈಯನ್ನು ಅಷ್ಟೇ ಕೆರೆದು, ಅಕ್ಷರದ ಆಕಾರ ಬರಿಸಿ, ಅದರೊಳಗೂ, ಮೇಲಿನ ಸಾಲುಗಳೊಳಗೂ ಕೆಂಪು ಬಣ್ಣ ತುಂಬಿದೆ. ಬಣ್ಣ ಹಾಕಿದ ಮೇಲೆ ಆಳದ ಅಕ್ಷರವೂ ಒಂದೇ, ಮೇಲಿನದೂ ಒಂದೇ. ಇಪ್ಪತ್ತಾರನೆಯ ತಾರೀಖು ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಹಳಿಯಾಳ ಕಡೆಯ ಮಳೆ ಗೊತ್ತಲ್ಲ? ನಾಲ್ಕು ಮಳೆಗಾಲ ಬಣ್ಣ ತೊಳೆಯುತ್ತದೆ. ಐದನೆಯದರಲ್ಲಿ 'ಪ್ರಾಣ ಕೊಟ್ಟ' ಎಂಬುದು ಇರುತ್ತದೆ, ಕೊಟ್ಟವನು ಯಾರು ಎನ್ನುವುದು ಇರುವುದಿಲ್ಲ. ಅವತ್ತು ಸಂಜೆ ಮುದಕವ್ವ ತಂದ ಮಜ್ಜಿಗೆಯನ್ನು ಎರಡು ಸಲ ಹಾಕಿಸಿಕೊಂಡು ಕುಡಿದೆ.

ಇಪ್ಪತ್ತಾರರ ಬೆಳಗ್ಗೆ ಗುರುಬಸವ್ವ ಬಸ್ಸಿನಿಂದ ಇಳಿದಳು. ಇಳಕಲ್ ಸೀರೆ, ಎರಡೂ ಕೈಗೆ ಹಸಿರು ಬಳೆ, ಕೊರಳಲ್ಲಿ ನಾನು ಕಟ್ಟಿದ ತಾಳಿ. ಚಾವಡಿಯ ಮುಂದೆ ಊರೆಲ್ಲ ಸೇರಿತ್ತು. ಕಲ್ಲಿಗೆ ಬಿಳಿ ಪಂಚೆಯ ಮುಸುಕು ಹಾಕಿದ್ದರು. ಚನಬಸಪ್ಪ ಆಕೆಯ ಹತ್ತಿರ ಹೋಗಿ ಸಣ್ಣ ದನಿಯಲ್ಲಿ ಹೇಳಿದ, "ತಂಗೀ, ಕೈ ಮ್ಯಾಲ ಸೆರಗ ಹೊದ್ಕೊಬೇಕಲಾ. ಸಾಹೇಬ್ರ ಮುಂದ ಬಳಿ ಕಾಣೂದು ಬ್ಯಾಡ."

ನಾನು ನಾಲ್ಕು ಮಾರು ದೂರದಲ್ಲಿದ್ದೆ. ಗುರುಬಸವ್ವನ ಉತ್ತರ ನನಗೆ ಸರಿಯಾಗಿ ಕೇಳಿಸಿತು.

"ಬಳಿ ಇಡಿಸಿದವರು ಅಲ್ಲೆ ನಿಂತಾರ್ರಿ ಅಣ್ಣಾ. ನಾ ಯಾಕ ಮುಚ್ಚಲಿ?"

ಚನಬಸಪ್ಪ ಹಿಂದೆ ಸರಿದ. ನನ್ನ ಕಿವಿ ಬಿಸಿಯಾಯಿತು. ಇದೇ ಮಾತನ್ನು ಆಕೆ ಮೂರು ದಿನ ಮೊದಲು ಆಡಿದ್ದರೆ ಎನ್ನಿಸಿತು. ಆದರೆ ಮೂರು ದಿನ ಮೊದಲು ಆಕೆ ಇಲ್ಲಿ ಇರಲಿಲ್ಲ, ಇಲ್ಲಿದ್ದದ್ದು ನಾನು ಮತ್ತು ನನ್ನ ಹೊಟ್ಟೆಕಿಚ್ಚು.

ಮಾಮಲೇದಾರರು ನಾಲ್ಕು ಮಾತಾಡಿದರು. ಗುರುಬಸವ್ವ ಮುಸುಕು ಎಳೆದಳು. ಜನ ಚಪ್ಪಾಳೆ ತಟ್ಟಿದರು. ಮೂರು ಸಾಲು, ಹೆಸರು, ಇಸವಿ, ಎಲ್ಲ ಕೆಂಪಗೆ ಹೊಳೆಯುತ್ತಿದ್ದವು. ಇಷ್ಟಕ್ಕೇ ಮುಗಿಯಿತು ಎಂದು ನಾನು ಉಸಿರು ಬಿಟ್ಟೆ. ಆಗ ಮುದಕವ್ವ ಮುಂದೆ ಬಂದಳು. ಕೈಯಲ್ಲಿ ವಿಭೂತಿ ಗಟ್ಟಿ, ತಂಬಿಗೆಯಲ್ಲಿ ನೀರು.

ನನ್ನ ತಲೆಯಲ್ಲಿ ಮುಸುಕು, ಹಾರ, ಭಾಷಣ ಇಷ್ಟೇ ಇದ್ದವು. ಗಿರಣಿಯ ಕಡೆ ನೋಡಿದ ಕಾರ್ಯಕ್ರಮಗಳಲ್ಲಿ ಅಷ್ಟೇ ಇರುತ್ತಿದ್ದವು. ಈ ಮುದುಕಿಗೆ ಇದು ಸ್ಮಾರಕವಲ್ಲ, ಮಗನ ಗದ್ದುಗೆ ಎಂಬುದು ನನಗೆ ಹೊಳೆದೇ ಇರಲಿಲ್ಲ. ಗದ್ದುಗೆ ಎಂದ ಮೇಲೆ ವಿಭೂತಿ ಬಿಡುತ್ತದೆಯೇ? ಅದೇ ಜನದವನಾಗಿಯೂ ಅಷ್ಟು ತಿಳಿಯಲಿಲ್ಲ ನನಗೆ.

"ಕಲ್ಲ ತುಂಬ ಹಚ್ಚವಾ. ಹಚ್ಚಿ ಸೆರಗಿಲೆ ಒರಸು. ಅಕ್ಷರದಾಗ ಕುಂಡರ್ಲಿ" ಎಂದು ಮುದಕವ್ವ ವಿಭೂತಿಯನ್ನು ನೀರಲ್ಲಿ ತೇಯ್ದು ಗುರುಬಸವ್ವನ ಅಂಗೈಗೆ ಹಾಕಿದಳು.

ಗುರುಬಸವ್ವ ಮೇಲಿನ ಸಾಲಿನಿಂದ ಹಚ್ಚುತ್ತ ಬಂದಳು. ಸೆರಗಿನಿಂದ ಒರೆಸಿದಳು. ಕಲ್ಲಿನ ಮೈ ಕಪ್ಪಾಯಿತು, ಅಕ್ಷರಗಳೊಳಗೆ ವಿಭೂತಿ ಬೆಳ್ಳಗೆ ನಿಂತಿತು. ಜನ "ಆಹಾ" ಎಂದರು. ಆಮೇಲೆ ಹೆಸರಿಗೆ ಬಂದಳು. ಹಚ್ಚಿದಳು, ಒರೆಸಿದಳು. ಒಂದು ಚೂರೂ ನಿಲ್ಲಲಿಲ್ಲ. ಮತ್ತೊಮ್ಮೆ ಹಚ್ಚಿ ಮೆಲ್ಲಗೆ ಒರೆಸಿದಳು. ಬರೀ ಬಣ್ಣ ಉಳಿಯಿತು.

"ಬಣ್ಣ ಹಸಿ ಐತಿ, ಅದಕ್ಕ ಹಿಡದಿಲ್ಲ" ಎಂದು ಚನಬಸಪ್ಪ ಮಾಮಲೇದಾರರಿಗೆ ತಿಳಿಸಿ ಹೇಳಿದ. ಊರವರೆಲ್ಲ ಅದನ್ನೇ ನಂಬಿದರು.

ಗುರುಬಸವ್ವ ನಂಬಲಿಲ್ಲ. ಆಕೆ ತೋರುಬೆರಳಿನ ಉಗುರನ್ನು ಮೊದಲ ಅಕ್ಷರದ ಮೇಲೆ ಇಟ್ಟು ಎಳೆದಳು. ಉಗುರು ಜಾರಿತು. ಓದಲು ಬಾರದ ಹೆಂಗಸು, ನನ್ನ ಕೈಯನ್ನು ಮಾತ್ರ ಚೆನ್ನಾಗಿ ಓದಬಲ್ಲವಳು. ತಿರುಗಿ ಜನರ ನಡುವೆ ನನ್ನನ್ನು ಹುಡುಕಿದಳು. ನಾನು ಕಣ್ಣು ತಪ್ಪಿಸಿ ನೆಲ ನೋಡಿದೆ.

ಹತ್ತೂವರೆಗೆಲ್ಲ ಸಭೆ ಮುಗಿದಿತ್ತು. ನಾವಿಬ್ಬರೂ ಬಸ್ಸು ನಿಲ್ಲುವ ಮರದ ಕೆಳಗೆ ಬಂದು ನಿಂತೆವು. ಆಕೆ ಉಗುರಿಗೆ ಹತ್ತಿದ ವಿಭೂತಿ ಒರೆಸಿಕೊಳ್ಳುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. ತಪ್ಪು ಮಾಡಿದವನ ಸಿಟ್ಟು ಬೇಗ ಏರುತ್ತದೆ.

"ಹೂಂ, ಮಾಡೇನಿ!" ಎಂದೆ. "ತೆಳ್ಳಗ ಕಡದೇನಿ. ಏನೀಗ? ನಾಕು ವರ್ಷ ಆತು, ಅವನ ಹೆಸರ ಬಾಯಾಗ ಇಟ್ಗೊಂಡು ಜ್ವಾಪಾನ ಮಾಡಾಕತ್ತೀದಿ. ನಾ ಏನು ಕಲ್ಲೇನು, ನೋಡ್ಕೋತ ಇರಾಕ? ಅವನ ಹೆಸರ ಹೇಳಂಗಿಲ್ಲ ನೀ. ಉಳವಿ ಅನ್ನಂಗಿಲ್ಲ ನೀ. ನಾ ಗಂಡ ಹೌದೋ ಅಲ್ಲೋ?"

ಆಕೆ ನನ್ನ ಮುಖ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ.

"ಅವರ ಮಾರಿ ನನಗ ನೆನಪಿಲ್ರಿ" ಎಂದಳು.

ಕಟ್ಟಿಕೊಂಡವನ ಮುಖವೇ ನೆನಪಿಲ್ಲವೇ ಎಂದು ನಾನು ಆಕೆಯನ್ನೇ ನೋಡಿದೆ.

"ಫೋಟೋ ಇಲ್ಲ, ಏನಿಲ್ಲ. ಹನ್ನೊಂದು ತಿಂಗಳ ಇದ್ದೆ. ನಿಮ್ಮನ್ನ ಮಾಡ್ಕೊಂಡ ಮ್ಯಾಲ ಒಂದೊಂದs ಮರತೆ. ಮೊದಲ ದನಿ ಹೋತು. ಆಮ್ಯಾಲ ನಡಿಗಿ ಹೋತು. ಈಗ ಮಾರಿ ನೆನಸಿದ್ರ ನಿಮ್ಮ ಮಾರಿನs ಬರತೈತಿ. ಸತ್ತವರಿಗೆ ಎಷ್ಟರ ಅನ್ಯಾಯ ಮಾಡೂದು? ಹೆಸರೊಂದು ಉಳದಿತ್ತು. ಅದನ್ನೂ ಎಲ್ಲಾರಂಗ ಅಂದು ಬಿಟ್ರ ನನ್ನ ಕಡೆ ಅವರದು ಏನೂ ಉಳಿಯಂಗಿಲ್ಲ ಅಂತ ಬಾಯಾಗ ಕಟ್ಟಿಟ್ಟೆ. ಇವರು ಬಂದು ಕಲ್ಲು ಅಂದಾಗ ನಿಮ್ಮನ್ನ ಕೇಳಲಾರದs ಹೂಂ ಅಂದೆ. ಯಾಕ? ಕಲ್ಲಿನ ಮ್ಯಾಲ ಹೆಸರ ಕುಂತ್ರ ಇನ್ನ ಕಲ್ಲು ನೋಡ್ಕೋತೈತಿ, ನನ್ನ ಬಾಯಿಗೆ ಬಿಡುಗಡಿ ಆಗತೈತಿ ಅಂತ. ಅದೂ ನಿಮ್ಮ ಕೈಲೆ ಕಡದದ್ದು ಅಂದ ಮ್ಯಾಲ ಚಿಂತಿನs ಇಲ್ಲ ಅನ್ಕೊಂಡಿದ್ದೆ."

ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಸೆರಗಿನ ವಿಭೂತಿ ಕೆನ್ನೆಗೆ ಹತ್ತಿತು.

"ನೀವು ನಾಕು ಮಳಿಗೆ ಹೋಗೂವಂಗ ಕಡದೀರಿ. ಅಂದ್ರ ಮತ್ತ ನಾನs ಹೊರಬೇಕು. ಸಾಯೂತನಾ."

ನಾನು ಮರಕ್ಕೆ ಒರಗಿ ಕೂತುಬಿಟ್ಟೆ. ಯಾಕೋ ಮಾಲವ್ವ ನೆನಪಾದಳು. ಆಕೆಯ ಮುಖವನ್ನು ನೆನೆಯಲು ನೋಡಿದೆ, ಆಗಲಿಲ್ಲ. ಹೆಸರನ್ನಂತೂ ಯಾವ ಕಲ್ಲಿನ ಮೇಲೂ ಕಡೆದಿರಲಿಲ್ಲ. ಆಕೆಗಾಗಿ ನಾನು ಒಂದು ಮಾತನ್ನೂ ಬಾಯಲ್ಲಿ ಕಟ್ಟಿಟ್ಟವನಲ್ಲ. ಗುರುಬಸವ್ವ ಒಂದು ದಿನವೂ ಆಕೆಯ ಮಾತೆತ್ತಿ ನನ್ನನ್ನು ಚುಚ್ಚಿರಲಿಲ್ಲ. ಥೂ, ನನ್ನ ಬಾಳೇ ಎನ್ನಿಸಿತು.

ದೂರದಲ್ಲಿ ಬಸ್ಸಿನ ಸದ್ದು ಕೇಳಿತು. ಗುರುಬಸವ್ವ ನನ್ನ ಚೀಲ ಎತ್ತಿಕೊಂಡಳು. ಅದರೊಳಗೆ ಚಾಣ, ಸುತ್ತಿಗೆ ಗಲಗಲ ಎಂದವು.

"ಸಾಮಾನು ಐತಲ್ಲ. ಏಳ್ರಿ, ಹೋಗೂಣು" ಎಂದಳು. ಬಸ್ಸು ಬಂದು ನಿಂತು ಹೋಯಿತು. ನಾವು ಊರೊಳಗೆ ತಿರುಗಿ ನಡೆದೆವು.

ಚಾವಡಿಯ ಮುಂದೆ ಯಾರೂ ಇರಲಿಲ್ಲ. ತೋರಣದ ಕಾಗದ ಗಾಳಿಗೆ ಹಾರುತ್ತಿತ್ತು. ನಾನು ಮೊಣಕಾಲೂರಿ ಕೂತು ಹೆಸರಿನ ಕೆಂಪು ಬಣ್ಣ ಕೆರೆದು ತೆಗೆದೆ. ಮೊದಲ ಏಟು ಹಾಕಿದ ಕೂಡಲೇ ಎದುರಿಗಿದ್ದ ಮುದಕವ್ವನ ಮನೆಯ ಬಾಗಿಲು ತೆರೆಯಿತು. ಮುದುಕಿ ಕೋಲೂರುತ್ತ ಬಂದಳು.

"ಮತ್ತ ಯಾಕ ಕಡ್ಯಾಕತ್ತಿ, ಗೌಂಡೀ?"

ಬಣ್ಣ ಹಸಿ ಇತ್ತು ಎಂದು ಹೇಳಬಹುದಿತ್ತು. ಚನಬಸಪ್ಪ ಆ ಸುಳ್ಳನ್ನು ಆಗಲೇ ಸಿದ್ಧ ಮಾಡಿಕೊಟ್ಟಿದ್ದ.

"ಹೆಸರ ತೆಳ್ಳಗ ಕಡದಿದ್ನಿ ಯವ್ವಾ. ನಿನ್ನ ಮಗನ ಮ್ಯಾಲ ಹೊಟ್ಟಿಕಿಚ್ಚು ನನಗ. ಮಳಿಗೆ ಅಳಿಸಿಹೋಗ್ಲಿ ಅಂತ ಮಾಡಿದ್ನಿ."

ಕೋಲಿನಿಂದ ಹೊಡೆಯಲಿ ಎಂದು ತಲೆ ಬಗ್ಗಿಸಿದೆ. ಮುದಕವ್ವ ಗುರುಬಸವ್ವನನ್ನು ನೋಡಿದಳು, ಕಲ್ಲನ್ನು ನೋಡಿದಳು. ಆಮೇಲೆ ಕಟ್ಟೆಯ ತುದಿಗೆ ಮೆಲ್ಲಗೆ ಕೂತಳು. "ಕಡಿ" ಎಂದಳು.

ಹೊತ್ತು ಇಳಿಯುವವರೆಗೆ ಕಡೆದೆ. ಒಂದೊಂದು ಅಕ್ಷರಕ್ಕೂ ಎರಡೆರಡು ಸಲ ಚಾಣ ಮಸೆದೆ. ನಡುನಡುವೆ ಗುರುಬಸವ್ವ ನೀರು ಹಾಕಿ ಕಲ್ಲಿನ ಪುಡಿ ತೊಳೆಯುತ್ತಿದ್ದಳು. ಅಂಗೈಯ ಬೊಬ್ಬೆ ಒಡೆದು ಸುತ್ತಿಗೆಯ ಹಿಡಿಗೆ ರಕ್ತ ಹತ್ತಿತು. ನನ್ನ ಅಪ್ಪನ ಕೈಯಿಂದಲೂ ಅಷ್ಟು ಆಳದ ಅಕ್ಷರ ಬಂದಿರಲಿಕ್ಕಿಲ್ಲ. ಹೊಟ್ಟೆಕಿಚ್ಚು ಹೋಗಿತ್ತೇ? ಎಲ್ಲಿಯ ಮಾತು! ಬೆನ್ನ ಮೇಲೆ ಹೊತ್ತುಕೊಂಡು ಹಳಿಯಾಳಕ್ಕೆ ನಡೆದವನು ಪ್ರತಿ ಏಟಿಗೂ ನೆನಪಾಗುತ್ತಿದ್ದ. ಹಲ್ಲು ಕಚ್ಚಿ ಹೊಡೆಯುತ್ತಿದ್ದೆ, ಅಕ್ಷರ ಇನ್ನಷ್ಟು ಆಳಕ್ಕೆ ಇಳಿಯುತ್ತಿತ್ತು.

ಮುಗಿಸಿ ಪಕ್ಕಕ್ಕೆ ಸರಿದೆ. ಗುರುಬಸವ್ವ ಉಳಿದ ವಿಭೂತಿಯನ್ನು ತೇಯ್ದು ಹೆಸರಿನ ಮೇಲೆ ಹಚ್ಚಿ ಸೆರಗಿನಿಂದ ಒರೆಸಿದಳು. ನಾಲ್ಕೂ ಅಕ್ಷರ ಬೆಳ್ಳಗೆ ನಿಂತವು. ಬೆರಳನ್ನು ಮೊದಲ ಅಕ್ಷರದೊಳಗೆ ಇಟ್ಟಳು.

"ಇದು ಯಾವದು?"

"ಉ" ಎಂದೆ.

"ಇದು?"

"ಳ."

ಹಾಗೆಯೇ ನಾಲ್ಕನ್ನೂ ಕೇಳಿದಳು. ಕೊನೆಯದರ ಒತ್ತಿನವರೆಗೆ ಬೆರಳು ಆಡಿಸಿದಳು. ಆಮೇಲೆ ಮೊದಲಿಗೆ ತಿರುಗಿ ಬಂದು, ಬೆರಳು ಸರಿಸುತ್ತ, ಸಾಲೆಯ ಮಗು ಪಾಠ ಒಪ್ಪಿಸುವ ಹಾಗೆ ಗಟ್ಟಿಯಾಗಿ ಹೇಳಿದಳು:

"ಉಳವಪ್ಪ."

ನಾಲ್ಕು ವರ್ಷ ನಾನು ಕಾದಿದ್ದ ಮಾತು. ಅದು ಬಂದ ದಿನ ಕುಣಿದಾಡುತ್ತೇನೆ ಎಂದುಕೊಂಡಿದ್ದೆ. ಆದರೆ ನನ್ನ ಪಕ್ಕದಲ್ಲಿ ಮುದಕವ್ವ ಇದ್ದಳು. ಗಂಡನ ಹೆಸರನ್ನು ಹೆಂಡತಿ ಎಂದೂ ಹೇಳುವುದಿಲ್ಲ, ಹೇಳಿದಳೆಂದರೆ ಅವನು ಇನ್ನು ಆಕೆಯ ಗಂಡನಲ್ಲ ಎಂಬುದು ಆ ಮುದುಕಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಆಕೆಯ ಕೋಲು ಕೈಯಿಂದ ಜಾರಿ ಕಟ್ಟೆಯ ಮೇಲೆ ಬಿತ್ತು. ಗಡಿಯಲ್ಲಿ ಮಗ ಸತ್ತ ಎಂದು ಸುದ್ದಿ ಬಂದು ಆರು ವರ್ಷವಾಗಿತ್ತು, ಆದರೆ ಆಕೆ ಈಗ ಅತ್ತಳು. ನಾನು ಗೆದ್ದಿದ್ದೆ, ಆದರೆ ಆಕೆಯ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಬಗ್ಗಿ ಕೋಲು ಎತ್ತಿ ಕೈಗೆ ಕೊಟ್ಟೆ.

ಮುದಕವ್ವ ಮೂಗು ಒರೆಸಿಕೊಂಡು ಎದ್ದಳು. ಕಲ್ಲಿಗೆ ಕೈ ಮುಟ್ಟಿಸಿ ಕಣ್ಣಿಗೆ ಒತ್ತಿಕೊಂಡಳು. ನಾಲ್ಕು ಹೆಜ್ಜೆ ನಡೆದು ನಿಂತು, ತಿರುಗದೆಯೇ ಹೇಳಿದಳು.

"ಗುರುಬಸವ್ವಾ, ರೊಟ್ಟಿ ತರ್ತೇನಿ, ಇಲ್ಲೆ ಕುಂಡ್ರು. ನಿನ್ನ ಗಂಡ ಮುಂಜಾನಿಂದ ಏನೂ ಉಂಡಿಲ್ಲ."